ಪೈಥಾನ್ ಭಾಷೆಯ ಸ್ಥಾಪನವಿಧಿಗಳು: ಹಳೆಯ ಪಾಠಗಳೂ ಅವುಗಳ ಕಾಲನಿರ್ಣಯವೂ

ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಲಿಪಿಕಾರನು ತನ್ನ ಮುಂದಿರುವ ಮಾತೃಕೆಯನ್ನು ನಂಬಿ ಪ್ರತಿಮಾಡುತ್ತಾನೆ; ಮಾತೃಕೆಯಲ್ಲಿ ಸೇರಿಕೊಂಡ ಅಪಪಾಠವು ಪ್ರತಿಯಿಂದ ಪ್ರತಿಗೆ ಇಳಿದುಬರುತ್ತದೆ; ಕೆಲವು ಕಾಲದ ಮೇಲೆ ಅಪಪಾಠವುಳ್ಳ ಪ್ರತಿಗಳೇ ಸಂಖ್ಯೆಯಲ್ಲಿ ಮಿಗಿಲಾಗಿ, ಶುದ್ಧಪಾಠವುಳ್ಳ ಒಂದೆರಡು ಪ್ರತಿಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಆದುದರಿಂದ ಪ್ರತಿಗಳ ಸಂಖ್ಯೆಯನ್ನೆಣಿಸಿ ಪಾಠವನ್ನು ನಿರ್ಣಯಿಸತಕ್ಕದ್ದಲ್ಲವೆಂಬುದು ಸಂಪಾದಕರಲ್ಲಿ ಸಮ್ಮತವಾದ ಮಾತು. ಗಣಕಯಂತ್ರದ ಭಾಷೆಗಳನ್ನು ಯಂತ್ರದಲ್ಲಿ ಸ್ಥಾಪಿಸುವುದಕ್ಕಾಗಿ, ಎಂದರೆ ರೂಢಿಯಲ್ಲಿ ‘ಇನ್‌ಸ್ಟಾಲ್’ ಮಾಡುವುದಕ್ಕಾಗಿ, ಬರೆದಿಟ್ಟಿರುವ ವಿಧಿಗಳಲ್ಲಿಯೂ ಇದಕ್ಕೆ ಹೋಲುವ ಸ್ಥಿತಿ ಒದಗಿದೆ. ಒಂದು ವ್ಯತ್ಯಾಸವುಂಟು. ಓಲೆಯ ಅಪಪಾಠವು ಹುಟ್ಟಿದಾಗಲೇ ತಪ್ಪು. ಸ್ಥಾಪನವಿಧಿಯಾದರೋ ಹುಟ್ಟಿದಾಗ ಸರಿಯಾಗಿಯೇ ಇದ್ದು, ತನ್ನಲ್ಲಿ ಒಂದಕ್ಷರವೂ ಬದಲಾಗದೆ, ಕಾಲ ಕಳೆದುದರಿಂದಲೇ ತಪ್ಪಾಗುತ್ತದೆ.

ಈ ವಿಷಯವು ಸಾಹಿತ್ಯಪತ್ರಿಕೆಯ ವಾಚಕರಿಗೆ ಅಪ್ರಕೃತವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪದಾನುಕ್ರಮಣಿಕೆ, ಪದಪ್ರಯೋಗಗಳ ಗಣನೆ, ಪಾಠಾಂತರಗಳ ಹೋಲಿಕೆ, ಛಂದಸ್ಸಿನ ಪರೀಕ್ಷೆ ಮೊದಲಾದ ಕೆಲಸಗಳಿಗೆ ಈಗ ವಿದ್ವಾಂಸರೂ ಅಧ್ಯಾಪಕರೂ ಗಣಕಯಂತ್ರವನ್ನು ಬಳಸುತ್ತಿದ್ದಾರೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವ ಭಾಷೆ ಪೈಥಾನ್. ಹೀಗೆ ಹೊರಟವರು ಎಷ್ಟೋ ಸಲ ಮೊದಲನೆಯ ಮೆಟ್ಟಿಲಲ್ಲಿಯೇ ಎಡವುತ್ತಾರೆ. ಎಡವಿದವರು ‘ಇದು ನಮಗೆ ಹತ್ತುವ ವಿದ್ಯೆಯಲ್ಲ’ ಎಂದು ತಮ್ಮನ್ನೇ ಹಳಿದುಕೊಂಡು ಹಿಂದಿರುಗುತ್ತಾರೆ. ಅವರು ಅನುಸರಿಸಿದ ವಿಧಿಯ ಕಾಲ ಕಳೆದಿತ್ತೆಂಬುದನ್ನು ಅವರಿಗೆ ತಿಳಿಸುವವರಿಲ್ಲ. ಇಂತಹ ವಿಧಿಗಳು ಯಾವ ಯಾವ ಕಾಲದಲ್ಲಿ ಹುಟ್ಟಿದುವು, ಕಾಲ ಕಳೆದ ಮೇಲೂ ಏಕೆ ಉಳಿದುವು, ಅವುಗಳ ಕಾಲವನ್ನು ಗುರುತಿಸುವ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲಾಗುವುದು.

೧. ಭಾಷೆಯೂ ಅದರ ಪರಿವಾರವೂ

ಪೈಥಾನ್ ಭಾಷೆಯನ್ನು ನಿರ್ಮಿಸಿದವರು ಗೀಡೊ ವಾನ್ ರಾಸಮ್ ಎಂಬ ಡಚ್ ವಿದ್ವಾಂಸರು. ಅವರು ಆಮ್‌ಸ್ಟರ್‌ಡಾಮ್ ನಗರದ ಗಣಿತ ಮತ್ತು ಗಣಕಶಾಸ್ತ್ರದ ಸಂಶೋಧನಾಲಯದಲ್ಲಿದ್ದಾಗ ೧೯೮೯ರ ಡಿಸೆಂಬರಿನಲ್ಲಿ ಇದನ್ನು ಆರಂಭಿಸಿ, ೧೯೯೧ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಹೊರಗೆ ಕೊಟ್ಟರು. ಹೆಸರಿಗೆ ಮೂಲ ಹಾವಲ್ಲ. ‘ಮಾಂಟಿ ಪೈಥಾನ್’ ಎಂಬ ಇಂಗ್ಲಿಷ್ ಹಾಸ್ಯಮಂಡಲಿ. ೨೦೦೧ರಲ್ಲಿ ಇದರ ಹಕ್ಕುಗಳನ್ನು ನೋಡಿಕೊಳ್ಳಲು ಒಂದು ಪ್ರತಿಷ್ಠಾನ ಏರ್ಪಟ್ಟಿತು. ೨೦೧೮ರ ಜುಲೈವರೆಗೆ ಕೊನೆಯ ತೀರ್ಮಾನವು ವಾನ್ ರಾಸಮ್ ಅವರದಾಗಿದ್ದಿತು; ೨೦೧೯ರಿಂದ ಈಚೆಗೆ ಚುನಾಯಿತವಾದ ಐವರ ಮಂಡಲಿಯೊಂದು ಆ ಭಾರವನ್ನು ಹೊತ್ತಿದೆ. ಇದನ್ನು ಬೆಳೆಸಿದವರಲ್ಲಿ ಬಹುಭಾಗದವರು ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ದುಡಿದ ಸ್ವಯಂಸೇವಕರೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಭಾಷೆಯೊಡನೆ ಬರುವ ಸಾಮಗ್ರಿ ಎಲ್ಲ ಕೆಲಸಕ್ಕೂ ಸಾಲದು. ಓಲೆಗರಿಯ ಛಾಯಾಚಿತ್ರವನ್ನು ತಿದ್ದುವುದಕ್ಕೆ ಒಂದು, ಪಠ್ಯವನ್ನು ಪದಗಳಾಗಿ ಬಿಡಿಸುವುದಕ್ಕೆ ಒಂದು, ಕೋಷ್ಟಕಗಳನ್ನು ಕಟ್ಟುವುದಕ್ಕೆ ಮತ್ತೊಂದು, ಹೀಗೆ ಬೇರೆ ಬೇರೆ ಜನರು ಬರೆದು ಹಂಚಿದ ಕಟ್ಟುಗಳು ಬೇಕಾಗುತ್ತವೆ. ಇವನ್ನು ಪ್ಯಾಕೇಜುಗಳೆನ್ನುತ್ತಾರೆ. ಒಂದು ಪ್ಯಾಕೇಜು ತನ್ನ ಕೆಲಸಕ್ಕೆ ಮತ್ತೆ ಕೆಲವನ್ನು ಆಶ್ರಯಿಸಿರುವುದುಂಟು; ಅವುಗಳಲ್ಲಿಯೂ ಇಂತಹ ಆವೃತ್ತಿಯೇ ಆಗಬೇಕೆಂಬ ನಿಯಮವಿರುವುದುಂಟು. ಇವನ್ನೆಲ್ಲ ಎಲ್ಲಿಂದ ತರಬೇಕು, ಯಂತ್ರದಲ್ಲಿ ಎಲ್ಲಿ ಇಡಬೇಕು, ಒಂದರೊಡನೊಂದು ಕಾದಾಡದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ನಿರ್ವಹಿಸುವ ಉಪಕರಣಗಳೇ ಸ್ಥಾಪನಸಾಧನಗಳು. ಭಾಷೆಯ ವ್ಯಾಕರಣಕ್ಕಿಂತ ಈ ಸಾಧನಗಳು ಬಹಳ ಬೇಗ ಬದಲಾಗಿವೆ. ತೊಡಕೆಲ್ಲ ಹುಟ್ಟಿರುವುದು ಇಲ್ಲಿಯೇ.

೨. ವಿಧಿಗಳ ಸ್ತರಗಳು

ಮೂವತ್ತು ವರ್ಷಗಳಿಗೆ ಮೀರಿದ ಈ ಚರಿತ್ರೆಯಲ್ಲಿ ಐದು ಸ್ತರಗಳನ್ನು ಸ್ಪಷ್ಟವಾಗಿ ಬೇರ್ಪಡಿಸಬಹುದು.

ಮೊದಲನೆಯದು ‘ಡಿಸ್ಟ್‌ಯುಟಿಲ್ಸ್’ ಎಂಬುದರ ಕಾಲ. ಅದಕ್ಕೆ ಮುಂಚೆ ಪ್ಯಾಕೇಜನ್ನು ಬರೆದವನು ಹೇಳಿದಂತೆ ಕಡತಗಳನ್ನು ಕೈಯಿಂದ ನಕಲುಮಾಡಿಕೊಳ್ಳುವುದೇ ಪದ್ಧತಿಯಾಗಿತ್ತು. ಗ್ರೆಗ್ ವಾರ್ಡ್ ಎಂಬವರ ಮುಖ್ಯ ಪರಿಶ್ರಮದಿಂದ ಸಿದ್ಧವಾದ ಈ ಸಾಧನವು ೨೦೦೦ದಲ್ಲಿ ಹೊರಬಂದ ಪೈಥಾನ್ ೧.೬ ಮತ್ತು ೨.೦ ಆವೃತ್ತಿಗಳೊಡನೆ ಭಾಷೆಯ ಒಳಗೇ ಸೇರಿತು. ಪ್ಯಾಕೇಜನ್ನು ತಂದು, ಕಟ್ಟು ಬಿಚ್ಚಿ, ‘ಪೈಥಾನ್ ಸೆಟಪ್.ಪೈ ಇನ್‌ಸ್ಟಾಲ್’ ಎಂಬ ಆಜ್ಞೆಯನ್ನು ಕೊಟ್ಟರೆ ಸ್ಥಾಪನೆ ಮುಗಿಯುತ್ತಿತ್ತು. ಆಶ್ರಿತ ಪ್ಯಾಕೇಜುಗಳನ್ನು ಹುಡುಕಿ ತರುವ ಹೊಣೆ ಮಾತ್ರ ಓದುಗನದೇ.

ಎರಡನೆಯ ಸ್ತರವು ೨೦೦೩ರಿಂದೀಚಿನದು. ಆ ವರ್ಷ ಪ್ಯಾಕೇಜುಗಳಿಗೊಂದು ಸಾರ್ವಜನಿಕ ಸೂಚಿ ಆರಂಭವಾಯಿತು. ಹಾಸ್ಯಪ್ರಿಯರು ಅದನ್ನು ‘ಚೀಸ್ ಅಂಗಡಿ’ ಎಂದೂ ಕರೆದರು. ಮಾಂಟಿ ಪೈಥಾನ್ ಮಂಡಲಿಯ ಒಂದು ಪ್ರಹಸನದ ಹೆಸರು ಅದು. ೨೦೦೪ರಲ್ಲಿ ಫಿಲಿಪ್ ಈಬಿಯವರು ‘ಸೆಟಪ್‌ಟೂಲ್ಸ್’ ಎಂಬುದನ್ನೂ ಅದರೊಡನೆ ‘ಈಸಿ-ಇನ್‌ಸ್ಟಾಲ್’ ಎಂಬ ಆಜ್ಞೆಯನ್ನೂ ರಚಿಸಿದರು. ಹೆಸರನ್ನು ಹೇಳಿದರೆ ಸಾಕು, ಪ್ಯಾಕೇಜನ್ನೂ ಅದು ಆಶ್ರಯಿಸಿದವನ್ನೂ ಸೂಚಿಯಿಂದ ತರುವ ಶಕ್ತಿ ಇದಕ್ಕಿದ್ದಿತು. ಅದು ಆ ಕಾಲಕ್ಕೆ ದೊಡ್ಡ ಉಪಕಾರ. ಆದರೆ ಸ್ಥಾಪಿಸಿದುದನ್ನು ತೆಗೆದುಹಾಕುವ ಆಜ್ಞೆಯೇ ಅದರಲ್ಲಿರಲಿಲ್ಲ.

ಮೂರನೆಯದು ‘ಪಿಪ್’ ಎಂಬ ಸಾಧನದ ಸ್ತರ. ಇಯಾನ್ ಬಿಕಿಂಗ್ ಎಂಬವರು ೨೦೦೭ರಲ್ಲಿ ‘ವರ್ಚುಯಲ್‌ಎನ್ವ್’ ಎಂಬುದನ್ನೂ ೨೦೦೮ರಲ್ಲಿ ಪಿಪ್ ಅನ್ನೂ ಹೊರತಂದರು. ಮೊದಲನೆಯದರಿಂದ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಆವರಣವನ್ನು ಕಟ್ಟಿಕೊಂಡು, ಒಂದರ ಪ್ಯಾಕೇಜುಗಳು ಮತ್ತೊಂದನ್ನು ಮುಟ್ಟದಂತೆ ಇಡುವುದು ಸಾಧ್ಯವಾಯಿತು. ಎರಡನೆಯದರಿಂದ ಸ್ಥಾಪನೆಯೂ ಉಚ್ಚಾಟನೆಯೂ ಸುಲಭವಾದುವು. ೨೦೧೨ರ ಪೈಥಾನ್ ೩.೩ರಲ್ಲಿ ‘ವೆನ್ವ್’ ಎಂಬ ಹೆಸರಿನಿಂದ ಆವರಣರಚನೆಯು ಭಾಷೆಯ ಅಂಗವೇ ಆಯಿತು. ೨೦೧೪ರ ಮಾರ್ಚಿನ ೩.೪ ಆವೃತ್ತಿಯಿಂದ ಪಿಪ್ ಸಹ ಭಾಷೆಯೊಡನೆಯೇ ಬರತೊಡಗಿತು.

ನಾಲ್ಕನೆಯ ಸ್ತರದಲ್ಲಿ ಪ್ಯಾಕೇಜನ್ನು ಕಟ್ಟುವ ಕ್ರಮವೇ ಮಾರ್ಪಟ್ಟಿತು. ‘ವೀಲ್’ ಎಂಬ ಸಿದ್ಧರೂಪದ ಕಟ್ಟನ್ನು ೪೨೭ನೆಯ ಪ್ರಸ್ತಾವಪತ್ರವು ವಿಧಿಸಿತು. ಇದರ ಆರಂಭ ೨೦೧೨ರಲ್ಲಿ. ತರುವಾಯ ೫೧೮ ಮತ್ತು ೫೧೭ನೆಯ ಪ್ರಸ್ತಾವಗಳು ‘ಸೆಟಪ್.ಪೈ’ಗೆ ಇದ್ದ ಏಕಸ್ವಾಮ್ಯವನ್ನು ಮುರಿದು, ಪ್ಯಾಕೇಜಿನ ವಿವರಗಳನ್ನು ಬೇರೊಂದು ಕಡತದಲ್ಲಿ ಘೋಷಿಸುವ ಪದ್ಧತಿಯನ್ನು ತಂದುವು. ಪಿಪ್ ಇವನ್ನು ೨೦೧೮–೧೯ರಲ್ಲಿ ಅಳವಡಿಸಿಕೊಂಡಿತು.

ಐದನೆಯದು ವಿಸರ್ಜನೆಯ ಸ್ತರ. ೨೦೨೦ರ ಜನವರಿ ೧ಕ್ಕೆ ಪೈಥಾನ್ ೨ರ ಪೋಷಣೆ ನಿಂತಿತು. ಆ ವರ್ಷದ ಏಪ್ರಿಲಿನಲ್ಲಿ ಬಂದ ೨.೭.೧೮ ಎಂಬುದೇ ಅದರ ಕಡೆಯ ಆವೃತ್ತಿ. ೨೦೨೧ರಲ್ಲಿ ‘ಈಸಿ-ಇನ್‌ಸ್ಟಾಲ್’ ಆಜ್ಞೆಯನ್ನು ಸೆಟಪ್‌ಟೂಲ್ಸ್ ತನ್ನಿಂದ ಕಿತ್ತುಹಾಕಿತು. ಡಿಸ್ಟ್‌ಯುಟಿಲ್ಸ್ ಅನ್ನು ೨೦೨೧ರ ೩.೧೦ ಆವೃತ್ತಿಯಲ್ಲಿ ತ್ಯಾಜ್ಯವೆಂದು ಸಾರಿ, ೨೦೨೩ರ ಅಕ್ಟೋಬರಿನ ೩.೧೨ ಆವೃತ್ತಿಯಲ್ಲಿ ಭಾಷೆಯಿಂದಲೇ ತೆಗೆದುಬಿಟ್ಟರು. ಇಪ್ಪತ್ತಮೂರು ವರ್ಷ ಬಳಕೆಯಲ್ಲಿದ್ದ ವಿಧಿಯು ಹೀಗೆ ಮುಗಿಯಿತು. ಆದರೆ ಅದನ್ನು ಬೋಧಿಸುವ ಬರಹಗಳು ಮುಗಿಯಲಿಲ್ಲ.

೩. ಹಳೆಯ ವಿಧಿ ಉಳಿಯುವುದಕ್ಕೆ ಕಾರಣಗಳು

ಮೊದಲನೆಯ ಕಾರಣ, ವಿಧಿಯನ್ನು ಬರೆಯುವವರು ಕಾಲವನ್ನು ನಮೂದಿಸುವುದಿಲ್ಲ. ‘ಈಗ ಹೀಗೆ ಮಾಡಿರಿ’ ಎಂದು ಬರೆಯುವವನಿಗೆ ಆ ‘ಈಗ’ ಎಂಬುದು ಹತ್ತು ವರ್ಷದ ಮೇಲೆ ಓದುವವನ ‘ಈಗ’ ಆಗದೆಂಬ ಎಚ್ಚರವಿರುವುದಿಲ್ಲ. ಎರಡನೆಯದಾಗಿ, ಹಳೆಯ ಬರಹಕ್ಕೆ ಉಲ್ಲೇಖಗಳು ಹೆಚ್ಚು. ಹತ್ತಾರು ಪಾಠಪುಸ್ತಕಗಳೂ ಪ್ರಯೋಗಶಾಲೆಯ ಕೈಪಿಡಿಗಳೂ ಅದನ್ನು ಎತ್ತಿಕೊಂಡಿರುವುದರಿಂದ ಹುಡುಕುವವನ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಪ್ರತಿಗಳ ಸಂಖ್ಯೆಯನ್ನೆಣಿಸಿ ಪಾಠವನ್ನು ನಿರ್ಣಯಿಸುವ ದೋಷವು ಇಲ್ಲಿ ಯಂತ್ರದಿಂದಲೇ ನಡೆಯುತ್ತದೆ. ಮೂರನೆಯದಾಗಿ, ಹಳೆಯ ವಿಧಿ ಒಮ್ಮೆಗೇ ಕೆಡುವುದಿಲ್ಲ. ‘ಸೆಟಪ್.ಪೈ’ಯನ್ನು ನೇರವಾಗಿ ನಡೆಸುವ ಕ್ರಮವು ತ್ಯಾಜ್ಯವಾದ ಮೇಲೂ ಅನೇಕ ವರ್ಷ ಎಚ್ಚರಿಕೆಯ ಮಾತೊಂದನ್ನು ಮುದ್ರಿಸಿ ಕೆಲಸವನ್ನು ಮಾಡಿಕೊಡುತ್ತಲೇ ಇದ್ದಿತು. ಕೆಲಸವಾಯಿತಲ್ಲ ಎಂದು ಎಚ್ಚರಿಕೆಯನ್ನು ಯಾರೂ ಓದಲಿಲ್ಲ.

ನಾಲ್ಕನೆಯ ಕಾರಣವು ಸ್ವಯಂಸೇವೆಯ ಸ್ವರೂಪದಲ್ಲಿಯೇ ಇದೆ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ೨೦೧೧ರಲ್ಲಿ ಪಿಪ್ ಮತ್ತು ವರ್ಚುಯಲ್‌ಎನ್ವ್‌ಗಳನ್ನು ನೋಡಿಕೊಳ್ಳುವುದಕ್ಕಾಗಿ ಕೆಲವರು ಸೇರಿ ‘ಪೈಥಾನ್ ಪ್ಯಾಕೇಜಿಂಗ್ ಅಧಿಕಾರಮಂಡಲಿ’ ಎಂಬ ಅರ್ಥ ಬರುವ ಹೆಸರನ್ನಿಟ್ಟುಕೊಂಡರು. ‘ಸ್ಥಾಪನೆಯ ಮಂತ್ರಿಖಾತೆ’ ಎಂಬ ಹೆಸರೂ ಆಗ ಸೂಚಿತವಾಗಿದ್ದಿತೆಂಬುದರಿಂದಲೇ ಇದರಲ್ಲಿ ವಿನೋದದ ಪಾಲು ಎಷ್ಟೆಂದು ವಾಚಕರು ಊಹಿಸಬಹುದು. ಹೆಸರಿನಲ್ಲಿ ಅಧಿಕಾರವಿದ್ದರೂ ಯಾರನ್ನೂ ಕಟ್ಟಿಹಾಕುವ ಶಕ್ತಿ ಇವರಿಗಿಲ್ಲ. ಲೋಕವೆಲ್ಲ ಬಳಸುತ್ತಿದ್ದ ಪ್ಯಾಕೇಜುಸೂಚಿಯನ್ನು ಬಹುಕಾಲ ಬೆರಳೆಣಿಕೆಯ ಜನ ಬಿಡುವಿನ ವೇಳೆಯಲ್ಲಿ ಕಾಪಾಡಿಕೊಂಡು ಬಂದರು. ೨೦೧೭ರಲ್ಲಿ ಮೊಸಿಲ್ಲಾ ಸಂಸ್ಥೆಯಿಂದ ೧,೭೦,೦೦೦ ಡಾಲರುಗಳ ನೆರವು ದೊರೆತ ಮೇಲೆಯೇ ಹೊಸ ಕಟ್ಟಡದ ಕೆಲಸ ಬಿರುಸಾಗಿ ನಡೆದು, ೨೦೧೮ರ ಏಪ್ರಿಲಿನಲ್ಲಿ ಹಳೆಯ ಸೂಚಿಯ ಸ್ಥಾನದಲ್ಲಿ ಹೊಸದು ನಿಂತಿತು. ಇಂತಹ ಪರಿಸ್ಥಿತಿಯಲ್ಲಿ ಹೊಸ ಸಾಧನವನ್ನು ರಚಿಸುವುದಕ್ಕೆ ಉತ್ಸಾಹಿಗಳು ಸಿಗುತ್ತಾರೆ. ಹಳೆಯ ಬರಹವನ್ನು ಹುಡುಕಿ ತಿದ್ದುವ ನೀರಸವಾದ ಕೆಲಸಕ್ಕೆ ಸಿಗುವುದು ದುರ್ಲಭ. ನಿಘಂಟಿಗೆ ಹೊಸ ಪದಗಳನ್ನು ಕೂಡಿಸುವವರು ಬಹುಮಂದಿ, ಅಚ್ಚಿನ ತಪ್ಪುಗಳ ಪಟ್ಟಿಯನ್ನು ಮಾಡುವವರು ಕೆಲವರು ಎಂಬುದು ನಮಗೂ ಅನುಭವವೇದ್ಯವಾದುದೇ.

ಭಾಷೆಯ ಅಧಿಕೃತ ಕೈಪಿಡಿಯೂ ಇದಕ್ಕೆ ಹೊರತಾಗಿರಲಿಲ್ಲ. ಡಿಸ್ಟ್‌ಯುಟಿಲ್ಸ್ ಕಾಲದ ಸ್ಥಾಪನಾಧ್ಯಾಯವನ್ನು ‘ಹಿಂದಿನ ಪಾಠ’ ಎಂಬ ಗುರುತಿನೊಡನೆ ೩.೧೧ ಆವೃತ್ತಿಯ ಕೈಪಿಡಿಯವರೆಗೂ ಉಳಿಸಿಕೊಂಡಿದ್ದರು. ಅದರಲ್ಲಿದ್ದ ಕೆಲವು ವಿವರಗಳನ್ನು ಒಳಗೊಂಡ ಹೊಸ ಬರಹ ಸಿದ್ಧವಾಗಿರಲಿಲ್ಲವೆಂಬುದೇ ಅದಕ್ಕೆ ಕಾರಣ. ಇದನ್ನು ಆಲಸ್ಯವೆನ್ನುವುದು ನ್ಯಾಯವಲ್ಲ. ಹಳೆಯದನ್ನು ಕಿತ್ತರೆ ಆ ವಿಷಯದಲ್ಲಿ ಓದುಗನಿಗೆ ಏನೂ ಉಳಿಯುತ್ತಿರಲಿಲ್ಲ.

ಹೊಸದೆಂದು ಶಿಫಾರಸುಮಾಡಿದ ಸಾಧನವೇ ನಡುವೆ ನಿಂತುಹೋಗುವ ಅಪಾಯವೂ ಉಂಟು. ೨೦೧೭ರಲ್ಲಿ ಹುಟ್ಟಿದ ‘ಪಿಪ್‌ಎನ್ವ್’ ಎಂಬುದನ್ನು ಪ್ಯಾಕೇಜಿಂಗ್ ಮಾರ್ಗದರ್ಶಿಕೆಯು ತನ್ನ ಪಾಠದಲ್ಲಿ ಸೇರಿಸಿಕೊಂಡು ಪ್ರಚಾರಕ್ಕೆ ತಂದಿತು. ಆದರೆ ೨೦೧೮ರ ನವೆಂಬರಿನಿಂದ ೨೦೨೦ರ ಮೇವರೆಗೆ, ಎಂದರೆ ಒಂದೂವರೆ ವರ್ಷ, ಅದರ ಹೊಸ ಆವೃತ್ತಿಯೊಂದೂ ಹೊರಬರಲಿಲ್ಲ. ಆ ಅವಧಿಯಲ್ಲಿ ಕಲಿಯಹೊರಟವರಿಗೆ ಮಾರ್ಗದರ್ಶಿಕೆಯ ಮಾತನ್ನು ನಂಬಬೇಕೋ ಸಾಧನದ ಮೌನವನ್ನು ನಂಬಬೇಕೋ ತಿಳಿಯದಂತಾಯಿತು.

೪. ಆಗುವ ಹಾನಿ

ಹಳೆಯ ವಿಧಿಯಿಂದ ಬರಿಯ ಕಾಲಹರಣವಾಗುವುದಾದರೆ ಅದನ್ನು ಇಷ್ಟು ಚರ್ಚಿಸಬೇಕಾಗಿರಲಿಲ್ಲ. ಮೂರು ಬಗೆಯ ನಿಜವಾದ ಹಾನಿಗಳುಂಟು.

ಮೊದಲನೆಯದು ಯಂತ್ರಕ್ಕೆ. ‘ಸುಡೊ ಪಿಪ್ ಇನ್‌ಸ್ಟಾಲ್’ ಎಂಬ ವಿಧಿಯು ಒಂದು ಕಾಲದಲ್ಲಿ ಎಲ್ಲೆಡೆಯೂ ಕಾಣುತ್ತಿದ್ದಿತು. ‘ಸುಡೊ’ ಎಂಬ ಮಾತನ್ನು ಸೇರಿಸಿದರೆ ಆಜ್ಞೆಯು ಯಂತ್ರದ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಯಂತ್ರವು ತನ್ನ ಸ್ವಂತ ಕೆಲಸಗಳಿಗೂ ಪೈಥಾನ್ ಅನ್ನು ಬಳಸುತ್ತದೆ. ಒಡೆಯನ ಅಧಿಕಾರದಿಂದ ತಂದ ಪ್ಯಾಕೇಜು ವ್ಯವಸ್ಥೆಯು ನೆಚ್ಚಿಕೊಂಡಿದ್ದ ಮತ್ತೊಂದು ಆವೃತ್ತಿಯನ್ನು ಅಳಿಸಿದರೆ ಯಂತ್ರದ ಮೂಲಸೌಕರ್ಯಗಳೇ ಕೆಡಬಹುದು. ಅಷ್ಟೇ ಅಲ್ಲದೆ, ಸಿದ್ಧರೂಪವಿಲ್ಲದ ಪ್ಯಾಕೇಜಿನಲ್ಲಿರುವ ‘ಸೆಟಪ್.ಪೈ’ ಸ್ವತಃ ಒಂದು ಪ್ರೋಗ್ರಾಂ. ಅದರಲ್ಲಿ ಬರೆದುದೆಲ್ಲವೂ ಒಡೆಯನ ಅಧಿಕಾರದಿಂದಲೇ ನಡೆದುಹೋಗುತ್ತದೆ. ಅಪರಿಚಿತನ ಕೈಗೆ ಮನೆಯ ಬೀಗದ ಕೈಗಳೆಲ್ಲವನ್ನೂ ಕೊಟ್ಟಂತೆ ಇದು.

ಇದನ್ನು ತಡೆಯುವುದಕ್ಕಾಗಿ ೬೬೮ನೆಯ ಪ್ರಸ್ತಾವವು ೨೦೨೨ರಲ್ಲಿ ಅಂಗೀಕೃತವಾಯಿತು. ಇದರಂತೆ ವ್ಯವಸ್ಥೆಯನ್ನು ಕಟ್ಟಿದವರು ಒಂದು ಗುರುತಿನ ಕಡತವನ್ನಿಟ್ಟರೆ ಪಿಪ್ ಅಲ್ಲಿ ಕೈಹಾಕಲು ನಿರಾಕರಿಸಿ, ಬೇರೆ ಆವರಣವನ್ನು ರಚಿಸಿಕೊಳ್ಳಿರೆಂದು ಸೂಚಿಸುತ್ತದೆ. ೨೦೨೩ರ ಜೂನಿನಲ್ಲಿ ಬಂದ ಡೆಬಿಯನ್ ೧೨ನೆಯ ಆವೃತ್ತಿ ಇದನ್ನು ಜಾರಿಗೆ ತಂದಿತು. ತಿಳಿದೂ ತಿಳಿದೂ ಈ ತಡೆಯನ್ನು ಮೀರಬೇಕಾದವರಿಗಾಗಿ ಪಿಪ್‌ನಲ್ಲಿ ಒಂದು ವಿಕಲ್ಪವನ್ನು ಇಟ್ಟು, ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’ ಎಂಬ ಅರ್ಥ ಬರುವಂತೆ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂದು ಹೆಸರಿಟ್ಟರು. ಹೆಸರನ್ನು ಕೇಳಿಯೇ ಜನರು ಹಿಂಜರಿಯಲೆಂಬುದು ಅವರ ಆಶಯ. ಆದರೆ ಹಳೆಯ ವಿಧಿಯನ್ನು ಬಿಡಲೊಲ್ಲದವರು ಅದೇ ವಿಧಿಯ ಕೊನೆಗೆ ಈ ಮಾತನ್ನು ಅಂಟಿಸಿ, ‘ಹೀಗೆ ಮಾಡಿದರೆ ತೊಂದರೆ ಪರಿಹಾರವಾಗುತ್ತದೆ’ ಎಂದು ಬರೆದು ಹಂಚತೊಡಗಿದರು. ಮಾತೃಕೆಯ ಅಂಚಿನಲ್ಲಿ ಓದುಗನನ್ನು ಎಚ್ಚರಿಸಲು ಬರೆದ ಟಿಪ್ಪಣಿಯನ್ನು ಲಿಪಿಕಾರನು ಮೂಲದೊಳಗೇ ಸೇರಿಸಿಬಿಟ್ಟಂತಾಯಿತು.

ಎರಡನೆಯ ಹಾನಿ ಸುರಕ್ಷಿತತೆಗೆ ಸಂಬಂಧಿಸಿದುದು. ೨೦೧೩ಕ್ಕೆ ಹಿಂದಿನ ಪಿಪ್ ತಾನು ಸಂಪರ್ಕಿಸಿದ ಸೂಚಿಯು ನಿಜವಾದ ಸೂಚಿಯೇ ಎಂಬುದನ್ನು ಪ್ರಮಾಣಪತ್ರದಿಂದ ಪರೀಕ್ಷಿಸುತ್ತಿರಲಿಲ್ಲ. ನಡುದಾರಿಯಲ್ಲಿ ಕಟ್ಟನ್ನು ಬದಲಾಯಿಸುವುದು ಶಕ್ಯವಾಗಿದ್ದಿತು. ಹೆಸರಿನ ಗೊಂದಲವೂ ಉಂಟು. ಛಾಯಾಚಿತ್ರಗಳನ್ನು ತಿದ್ದುವ ‘ಪಿಐಎಲ್’ ಎಂಬ ಪ್ಯಾಕೇಜಿನ ಕಡೆಯ ಆವೃತ್ತಿ ೨೦೦೯ರದು; ೨೦೧೦ರಲ್ಲಿ ಅದರ ಕವಲಾಗಿ ಹುಟ್ಟಿದ ‘ಪಿಲ್ಲೊ’ ಈಗ ಬಳಕೆಯಲ್ಲಿರುವುದು. ಪ್ರೋಗ್ರಾಮಿನೊಳಗೆ ಕರೆಯುವಾಗ ಹಳೆಯ ಹೆಸರು, ಸ್ಥಾಪಿಸುವಾಗ ಹೊಸ ಹೆಸರು. ಇದನ್ನರಿಯದವನು ಹಳೆಯ ಹೆಸರನ್ನೇ ಸೂಚಿಯಲ್ಲಿ ಅರಸುತ್ತಾನೆ. ಇಂತಹ ತಪ್ಪನ್ನೇ ಕಾದುಕೊಂಡು, ಹೋಲುವ ಹೆಸರುಗಳಲ್ಲಿ ಕೆಟ್ಟ ಕಟ್ಟುಗಳನ್ನು ಇಡುವ ವಂಚಕರೂ ಸೂಚಿಯಲ್ಲಿ ಪತ್ತೆಯಾಗಿದ್ದಾರೆ.

ಮೂರನೆಯದು ನಮಗೆ ನೇರವಾಗಿ ತಟ್ಟುವುದು; ಅದು ಪಠ್ಯಕ್ಕೆ ಆಗುವ ಹಾನಿ. ಹಳೆಯ ವಿಧಿಯನ್ನು ಅನುಸರಿಸಿ ಪೈಥಾನ್ ೨ನ್ನು ಸ್ಥಾಪಿಸಿದವನು ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಯಂತ್ರವನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ೧೫. ಕಾರಣವಿಷ್ಟೆ: ಆ ಆವೃತ್ತಿಯಲ್ಲಿ ಸಾಧಾರಣ ಅಕ್ಷರಮಾಲೆಯೆಂದರೆ ಬೈಟುಗಳ ಸಾಲು, ಯುಟಿಎಫ್-೮ ಎಂಬ ಲೇಖನಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು, ಆ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳು. ೨೦೦೮ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೩ ಈ ಕ್ರಮವನ್ನು ಬದಲಾಯಿಸಿ ಸಂಕೇತಗಳನ್ನೇ ಎಣಿಸುವುದರಿಂದ ಉತ್ತರ ೫ ಆಗುತ್ತದೆ. ನಮ್ಮ ಛಂದಶ್ಶಾಸ್ತ್ರದ ಎಣಿಕೆಯಲ್ಲಿ ಅಕ್ಷರಗಳು ಮೂರೇ. ಅದಕ್ಕೆ ಪ್ರತ್ಯೇಕವಾದ ನಿಯಮವನ್ನು ನಾವೇ ಬರೆಯಬೇಕು. ಆದರೆ ಐದರಿಂದ ಮೂರಕ್ಕೆ ಬರುವ ದಾರಿಯುಂಟು, ಒತ್ತಕ್ಷರದ ನಿಯಮ ನಮಗೆ ತಿಳಿದದ್ದೇ. ಬೈಟುಗಳ ಸಾಲನ್ನು ನಡುವೆ ಕತ್ತರಿಸಿದರಾದರೋ ಅಕ್ಷರವೇ ಒಡೆದು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಪದದ ಉದ್ದವನ್ನು ಆಧರಿಸಿದ ಗಣನೆಗಳೂ ಪದಾಂತ್ಯವನ್ನು ಕತ್ತರಿಸಿ ಪ್ರತ್ಯಯಗಳನ್ನು ಹುಡುಕುವ ಪ್ರಯತ್ನಗಳೂ ಹೀಗೆ ಹಾಳಾಗುತ್ತವೆ. ಕೆಲವೊಮ್ಮೆ ಹಾಳಾದುದು ಕಣ್ಣಿಗೂ ಬೀಳುವುದಿಲ್ಲ.

ಈ ತೊಡಕಿಗೆ ಪರಿಹಾರವೆಂದು ಪೈಥಾನ್ ೨ರ ಕಾಲದಲ್ಲಿ ಒಂದು ಉಪಾಯ ಹಬ್ಬಿದ್ದಿತು. ಭಾಷೆಯು ಆರಂಭದಲ್ಲಿಯೇ ಮುಚ್ಚಿಟ್ಟ ಒಂದು ಸೌಕರ್ಯವನ್ನು ಮತ್ತೆ ತೆರೆದು, ಲೇಖನಕ್ರಮದ ಪೂರ್ವನಿಯಾಮಕವನ್ನು ಬಲವಂತವಾಗಿ ಬದಲಾಯಿಸುವುದೇ ಅದು. ಮೇಲ್ನೋಟಕ್ಕೆ ದೋಷಸೂಚನೆ ಅಡಗುತ್ತಿದ್ದಿತು, ದೋಷ ಅಡಗುತ್ತಿರಲಿಲ್ಲ. ಪೈಥಾನ್ ೩ರಲ್ಲಿ ಆ ಸೌಕರ್ಯವೇ ಇಲ್ಲ. ಆದರೂ ಈಗಲೂ ಕೆಲವು ಪಾಠಗಳು ಇದನ್ನೇ ಮೊದಲ ಎರಡು ಸಾಲುಗಳಾಗಿ ಬರೆಯಿಸುತ್ತವೆ.

೫. ಅಂತಃಸಾಕ್ಷ್ಯದಿಂದ ಕಾಲನಿರ್ಣಯ

ಕಾಲವನ್ನು ನಮೂದಿಸದ ಕವಿಯ ಕಾಲವನ್ನು ನಾವು ಅಂತಃಸಾಕ್ಷ್ಯದಿಂದ ನಿರ್ಣಯಿಸುವುದುಂಟು: ಅವನು ಸ್ಮರಿಸುವ ಪೂರ್ವಕವಿಗಳಿಂದ ಪೂರ್ವಾವಧಿ, ಅವನನ್ನು ಸ್ಮರಿಸುವವರಿಂದ ಉತ್ತರಾವಧಿ. ಸ್ಥಾಪನವಿಧಿಗೂ ಇದನ್ನು ಅನ್ವಯಿಸಬಹುದು.

ವಿಧಿಯಲ್ಲಿ ‘ಪ್ರಿಂಟ್’ ಎಂಬ ಮಾತಿನ ಮುಂದೆ ಆವರಣಚಿಹ್ನೆಗಳಿಲ್ಲದಿದ್ದರೆ ಅದು ಪೈಥಾನ್ ೨ಕ್ಕಾಗಿ ಬರೆದುದು. ಇಂದಿನ ಕೆಲಸಕ್ಕೆ ಅದನ್ನು ಆಧಾರವಾಗಿಟ್ಟುಕೊಳ್ಳತಕ್ಕದ್ದಲ್ಲ. ‘ಈಸಿ-ಇನ್‌ಸ್ಟಾಲ್’ ಕಂಡರೆ ಪೂರ್ವಾವಧಿ ೨೦೦೪. ೨೦೨೧ರಿಂದೀಚಿನ ಸೆಟಪ್‌ಟೂಲ್ಸ್‌ನೊಡನೆ ಅದು ನಡೆಯದು. ‘ಈಸಿ-ಇನ್‌ಸ್ಟಾಲ್ ಪಿಪ್’ ಎಂದು ಹಳೆಯ ಸಾಧನದಿಂದ ಹೊಸ ಸಾಧನವನ್ನು ತರಿಸುವ ಮಿಶ್ರಪಾಠವೊಂದುಂಟು. ಇದು ಪಿಪ್ ಹುಟ್ಟಿದ ೨೦೦೮ಕ್ಕೆ ಈಚಿನದೆಂಬುದು ನಿಶ್ಚಯ. ಪಿಪ್ ಭಾಷೆಯೊಡನೆಯೇ ಬರತೊಡಗಿದ ೨೦೧೪ರ ಮೇಲೆ ಇದಕ್ಕೆ ಪ್ರಯೋಜನವಿಲ್ಲದುದರಿಂದ ಸಂಧಿಕಾಲದ ಪಾಠವೆಂದು ಗ್ರಹಿಸಬಹುದು. ‘ಪೈವೆನ್ವ್’ ಎಂಬ ಆಜ್ಞೆ ಇನ್ನೂ ಖಚಿತವಾದ ಸಾಕ್ಷ್ಯ: ಅದು ೨೦೧೨ರ ೩.೩ ಆವೃತ್ತಿಯಲ್ಲಿ ಬಂದು, ೨೦೧೬ರ ೩.೬ರಲ್ಲಿ ತ್ಯಾಜ್ಯವಾಗಿ, ೨೦೧೯ರ ೩.೮ರಲ್ಲಿ ಇಲ್ಲವಾಯಿತು. ಅಧಿಕೃತವಾದುದೂ ಏಳು ವರ್ಷಗಳಲ್ಲಿ ಅಳಿಯಬಹುದೆಂಬುದಕ್ಕೆ ಇದು ನಿದರ್ಶನ. ‘ಪಿಪ್ ಸರ್ಚ್’ ಎಂದು ಪ್ಯಾಕೇಜನ್ನು ಹುಡುಕಲು ಹೇಳುವ ಬರಹವು ೨೦೨೦ರ ಡಿಸೆಂಬರಿಗೆ ಹಿಂದಿನ ಸ್ಥಿತಿಯನ್ನು ಹೇಳುತ್ತದೆ. ಬೇಡಿಕೆಗಳ ಹೊರೆಯನ್ನು ತಾಳಲಾರದೆ ಸೂಚಿಯು ಆಗ ಆ ಸೇವೆಯನ್ನು ನಿಲ್ಲಿಸಿತು. ‘ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲು ಇಲ್ಲ’ ಎಂದು ಯಂತ್ರವೇ ದೂರಿದರೆ ೨೦೨೩ಕ್ಕೆ ಹಿಂದಿನ ಪ್ಯಾಕೇಜನ್ನು ೩.೧೨ ಅಥವಾ ಅದರ ಮೇಲಿನ ಭಾಷೆಯಲ್ಲಿ ನಡೆಸಲು ಹೊರಟಿರುವೆವೆಂದು ತಿಳಿಯಬೇಕು.

ಈಚಿನದೆಂಬ ಮಾತ್ರಕ್ಕೆ ವಿಧಿಯು ಶುದ್ಧವೆಂದು ನಂಬಲಾಗದು. ಮೇಲೆ ಹೇಳಿದ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ವಿಕಲ್ಪವು ೨೦೨೩ರ ಫೆಬ್ರವರಿಯದು. ಅದನ್ನೊಳಗೊಂಡ ವಿಧಿಯು ಕಾಲದಲ್ಲಿ ಹೊಸದು, ಮನೋಧರ್ಮದಲ್ಲಿ ಹಳೆಯದು. ಆದುದರಿಂದ ಕಾಲನಿರ್ಣಯದೊಡನೆ ಉದ್ದೇಶವನ್ನೂ ಪರಿಶೀಲಿಸುವುದು ಅಗತ್ಯ.

೬. ಒಂದು ಆಕ್ಷೇಪ

ಹೀಗಿದ್ದರೆ ಹಳೆಯ ವಿಧಿಗಳನ್ನೆಲ್ಲ ಅಳಿಸಿಬಿಡಬಾರದೇಕೆ ಎಂದು ಕೇಳಬಹುದು. ಇದು ಸುಲಭವಾಗಿ ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆದರೆ ಅಳಿಸುವುದರಿಂದಲೂ ಕೇಡುಂಟು. ೨೦೧೨ರಲ್ಲಿ ಪದಗಣನೆಯನ್ನು ಮಾಡಿ ಪ್ರಕಟಿಸಿದ ವಿದ್ವಾಂಸರ ಫಲಿತಾಂಶವನ್ನು ಮತ್ತೊಬ್ಬರು ಪರೀಕ್ಷಿಸಬೇಕಾದರೆ ಅಂದಿನ ಸಾಧನಗಳನ್ನು ಅಂದಿನ ವಿಧಿಯಿಂದಲೇ ಸ್ಥಾಪಿಸಬೇಕಾಗುತ್ತದೆ. ಹಳೆಯ ಯಂತ್ರವನ್ನು ಬಿಟ್ಟು ಬೇರೆ ಗತಿಯಿಲ್ಲದ ಶಾಲೆಗಳಿಗೂ ಹಳೆಯ ಬರಹವೇ ದಾರಿ. ಆದಕಾರಣ ಹಳೆಯದು ಇರಲಿ. ಆದರೆ ಇಂತಹ ಕಾಲದ್ದು, ಇದರ ಸ್ಥಾನಕ್ಕೆ ಇಂತಹುದು ಬಂದಿದೆ ಎಂಬ ಗುರುತು ಅದರ ತಲೆಯ ಮೇಲಿರಲಿ.

ಇದಕ್ಕೆ ಮಾದರಿಯು ಪೈಥಾನ್ ಪರಿವಾರದಲ್ಲಿಯೇ ಇದೆ. ಪೆಪ್ ಎಂದು ಕರೆಯುವ ಅವರ ಪ್ರಸ್ತಾವಪತ್ರಗಳಲ್ಲಿ ತಲೆಬರಹದಲ್ಲಿಯೇ ಸ್ಥಿತಿಯನ್ನು ನಮೂದಿಸುತ್ತಾರೆ: ಅಂತಿಮ, ತಿರಸ್ಕೃತ, ಹಿಂತೆಗೆದುಕೊಂಡುದು, ಬೇರೊಂದರಿಂದ ಬಾಧಿತವಾದುದು ಎಂದು. ಆವೃತ್ತಿಸಂಖ್ಯೆಗಳನ್ನು ಬರೆಯುವ ಕ್ರಮವನ್ನು ಹೇಳಿದ ೩೮೬ನೆಯದನ್ನು ತೆರೆದರೆ ಇದರ ಬದಲು ೪೪೦ನೆಯದನ್ನು ನೋಡಿರೆಂಬ ಸೂಚನೆ ಮೊದಲೇ ಕಾಣುತ್ತದೆ. ೪೩೮ನೆಯದರಲ್ಲಿ ೪೭೦ನೆಯದರ ಸೂಚನೆಯಿದೆ. ಹಳೆಯದು ಅಳಿಯಲಿಲ್ಲ, ಮೋಸವನ್ನೂ ಮಾಡುವುದಿಲ್ಲ. ನಿರ್ಣಯಪತ್ರಗಳಲ್ಲಿ ಪಾಲಿಸಿದ ಈ ಶಿಸ್ತನ್ನು ಕಲಿಯುವವರ ಕೈಗೆ ಬರುವ ಪಾಠಗಳಲ್ಲಿಯೂ ಪಾಲಿಸಿದ್ದರೆ ಪ್ರಕೃತ ಚರ್ಚೆಯ ಬಹುಭಾಗ ಅನಾವಶ್ಯಕವಾಗುತ್ತಿದ್ದಿತು.

೭. ಉಪಸಂಹಾರ

ಇಲ್ಲಿಯವರೆಗಿನ ವಿಚಾರದಿಂದ ಅಧ್ಯಾಪಕರಿಗೆ ಅನುಷ್ಠಾನಯೋಗ್ಯವಾಗಿ ತೋರುವ ಅಂಶಗಳನ್ನು ಹೇಳಿ ಮುಗಿಸಬಹುದು. ೨೦೨೦ರಿಂದೀಚೆಗೆ ಪ್ರತಿವರ್ಷ ಅಕ್ಟೋಬರಿನಲ್ಲಿ ಪೈಥಾನ್‌ನ ಹೊಸ ಆವೃತ್ತಿ ಬರುತ್ತದೆ. ಒಂದೊಂದಕ್ಕೂ ಪೋಷಣೆಯ ಅವಧಿ ಐದು ವರ್ಷ. ಆದುದರಿಂದ ಆವೃತ್ತಿಯನ್ನು ಹೆಸರಿಸುವ ಯಾವ ವಿಧಿಗಾದರೂ ಅಷ್ಟೇ ಆಯುಸ್ಸೆಂದು ಭಾವಿಸಿ ಓದುವುದು ಕ್ಷೇಮ. ಕೆಲಸಕ್ಕೊಂದರಂತೆ ‘ವೆನ್ವ್’ನಿಂದ ಆವರಣವನ್ನು ಕಟ್ಟಿಕೊಂಡು ಅದರೊಳಗೆ ಪಿಪ್ ಬಳಸುವ ಪದ್ಧತಿಯು ೨೦೧೪ರಿಂದ ಭಾಷೆಯೊಡನೆಯೇ ಬರುತ್ತಿದ್ದು ಸ್ಥಿರವಾಗಿ ನಿಂತಿದೆ. ೨೦೨೪ರಲ್ಲಿ ಒಂದು ಖಾಸಗಿ ಸಂಸ್ಥೆಯು ಹೊರತಂದ ‘ಯುವಿ’ ಎಂಬ ಹೆಚ್ಚು ವೇಗದ ಸಾಧನವೂ ಆವರಣದ ತತ್ತ್ವವನ್ನೇ ಅನುಸರಿಸುತ್ತದೆ. ಸಾಧನದ ಹೆಸರು ಬದಲಾದರೂ ತತ್ತ್ವವನ್ನು ಕಲಿಸಿದ್ದರೆ ವಿದ್ಯಾರ್ಥಿಗಳು ದಾರಿತಪ್ಪುವುದಿಲ್ಲ. ಬಳಸಿದ ಪ್ಯಾಕೇಜುಗಳ ಹೆಸರನ್ನೂ ಆವೃತ್ತಿಗಳನ್ನೂ ಒಂದು ಕಡತದಲ್ಲಿ ಬರೆದಿಡುವುದು ಮತ್ತೊಂದು ಕರ್ತವ್ಯ. ಇದಕ್ಕಾಗಿ ಏಕರೂಪವಾದ ಕಡತದ ಮಾದರಿಯೊಂದನ್ನು ೨೦೨೫ರಲ್ಲಿ ಅಂಗೀಕೃತವಾದ ೭೫೧ನೆಯ ಪ್ರಸ್ತಾವವು ಗೊತ್ತುಮಾಡಿದೆ. ಯಾವ ಮಾತೃಕೆಯನ್ನು ನೋಡಿ ಸಂಪಾದಿಸಿದೆವೆಂದು ಪೀಠಿಕೆಯಲ್ಲಿ ತಿಳಿಸುವ ಸಂಪಾದಕರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಕನ್ನಡದಲ್ಲಿ ಇಂತಹ ಪಾಠಗಳನ್ನು ಬರೆಯುವವರು ಇನ್ನೂ ಕೆಲವರೇ ಆಗಿರುವುದು ಒಂದು ರೀತಿಯಲ್ಲಿ ಅನುಕೂಲವೇ ಸರಿ. ತಿದ್ದಬೇಕಾದ ಹಳೆಯ ರಾಶಿ ನಮ್ಮಲ್ಲಿ ಚಿಕ್ಕದು. ಈಗಿನಿಂದಲೇ ಪ್ರತಿಯೊಂದು ಪಾಠದ ತಲೆಯಲ್ಲಿ ಬರೆದ ದಿನಾಂಕ, ಪರೀಕ್ಷಿಸಿದ ಭಾಷೆಯ ಆವೃತ್ತಿ, ಯಂತ್ರದ ವ್ಯವಸ್ಥೆ ಈ ಮೂರನ್ನು ನಮೂದಿಸುವ ಪದ್ಧತಿಯನ್ನು ಹಿಡಿದರೆ, ಇನ್ನು ಹತ್ತು ವರ್ಷದ ಮೇಲೆ ಅದನ್ನು ತೆರೆಯುವ ವಿದ್ಯಾರ್ಥಿಯು ತನ್ನ ಬುದ್ಧಿಯನ್ನು ಶಂಕಿಸುವುದಕ್ಕೆ ಮುಂಚೆ ಪಾಠದ ಕಾಲವನ್ನು ನೋಡಿಕೊಳ್ಳಬಲ್ಲನು.